ಬೆಕ್ಕುಗಳು ಜಾಗ ಬಿಟ್ಟ ವಾರ

ನನಗೆ ನಾನೇ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಈ ತನಿಖೆ ನನಗೆ ಹಿಡಿಸತೊಡಗಿದೆ.

ಆರೋಪ ಬಂದಿರುವುದು ನನ್ನ ಅಕ್ಕನ ಮೇಲೆ. ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿರುವ ಮನುಷ್ಯನಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಅವಳು ಜೈಲು ಕಾಣಬೇಕಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ, ಇವತ್ತು ಏನು ಹೊರಬೀಳುತ್ತದೋ ಎಂಬ ಕುತೂಹಲಕ್ಕೆ ಬಾಚಣಿಗೆ ತಾನೇ ತಾನಾಗಿ ಓಡುತ್ತಿತ್ತು. ಎಂಥ ತಂಗಿ ನಾನು?

ಅದನ್ನು ಅಲ್ಲೇ ನುಂಗಿಕೊಂಡು ಕೆಲಸಕ್ಕೆ ಬಂದೆ. ನುಂಗಿಕೊಳ್ಳುವುದು ನನಗೆ ಚೆನ್ನಾಗಿ ಅಭ್ಯಾಸವಾಗಿದೆ.

"ಎಂಜಿನ್ ಆಫ್ ಇತ್ತು," ಎಂದರು ಚೀಫ್. "ಇನ್ನು ಎಷ್ಟು ಸಲ ಹೇಳಿಸ್ತೀರಿ?"

"ನಿಮಗೆ ಬೇಜಾರಾಗೋವರೆಗೂ," ಎಂದರು ತನಿಖಾಧಿಕಾರಿ.

ಚೀಫ್ ಎಂದರೆ ಬಿಳಿ ಹಡಗಿನ ಮುಖ್ಯ ಎಂಜಿನಿಯರು. ಅಗಲ ಭುಜ, ಎಷ್ಟು ಉಜ್ಜಿದರೂ ಎಣ್ಣೆಯ ಕಪ್ಪು ಬಿಡದ ಉಗುರು. ತನಿಖಾಧಿಕಾರಿಗೆ ಬಂದರಿನವರು ಇಟ್ಟ ಹೆಸರು ದುರ್ಬೀನು; ಅಷ್ಟು ದಪ್ಪ ಅವರ ಕನ್ನಡಕದ ಗಾಜು. ಹೋದ ವಾರ ಬಿಳಿ ಹಡಗು ಹೊರಡುವ ಮುಂಚೆ, ದಡದಿಂದ ಬಂದ ಕರೆಂಟಿನ ಕೇಬಲ್ ಬಿಚ್ಚಲು ಹೋದ ಅದರ ಎಲೆಕ್ಟ್ರಿಷಿಯನ್ ಶಾಕ್ ಹೊಡೆದು ಬಿದ್ದಿದ್ದ. ಆ ಕರೆಂಟನ್ನು ಕೊಡುವುದು, ನಿಲ್ಲಿಸುವುದು ನನ್ನ ಅಕ್ಕನ ಕೆಲಸ.

ಅಕ್ಕ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಮೇಜಿನ ತುದಿಯಲ್ಲಿ ಪೆನ್ನು ಹಿಡಿದಿದ್ದೆ. ವಿಚಾರಣೆ ನಡೆಯುತ್ತಿದ್ದದ್ದು ನನ್ನ ಕೋಣೆಯಲ್ಲೇ. ಬಂದರಿನ ಕಚೇರಿಯ ಮೇಲಿನ ಮಹಡಿ. ಎಲ್ಲರೂ ಹೊಗೆ ಕೋಣೆ ಅನ್ನುತ್ತಾರೆ. ಕಿಟಕಿಗೆ ಸಿಕ್ಕಿಸಿದ ಯಂತ್ರ ಹೊರಗಿನ ಗಾಳಿಯನ್ನು ಎಳೆದು ಒಂದು ಬಿಳಿ ಕಾಗದದ ಮೂಲಕ ದಾಟಿಸುತ್ತದೆ. ದಿನಕ್ಕೊಂದು ಕಾಗದ ಬದಲಿಸಿ, ಅದೆಷ್ಟು ಕಪ್ಪಾಗಿದೆ ನೋಡುವುದು ನನ್ನ ಉದ್ಯೋಗ. ಡಿಗ್ರಿ ಮುಗಿಸಿದವಳಿಗೆ ಇದೊಂದು ಕೆಲಸವೇ ಅಂತ ಚಿಕ್ಕಪ್ಪ ನಗುತ್ತಾರೆ. ಯಾರ ಹತ್ತಿರವೂ ಮಾತಾಡದೆ ಸಂಬಳ ಬರುವ ಕೆಲಸ ಬೇರೆ ಎಲ್ಲಿದೆ ಅಂತ ನಾನು ಮನಸ್ಸಿನಲ್ಲೇ ಉತ್ತರ ಕೊಡುತ್ತೇನೆ.

ದುರ್ಬೀನು ಅವರ ಜೊತೆ ಹೇಳಿಕೆ ಬರೆದುಕೊಳ್ಳುವ ಗುಮಾಸ್ತರು ಜ್ವರ ಅಂತ ಮಲಗಿದ್ದರು. ನನ್ನ ಅಕ್ಷರ ನೋಡಿ, "ನೀನೇ ಬರ್ಕೊ ಮಗು" ಎಂದಿದ್ದರು.

"ಆರೋಪಿಯ ತಂಗಿ ಕೈಲೇ ಹೇಳಿಕೆ ಬರೆಸ್ತೀರಾ?" ಎಂದು ಚೀಫ್ ಆಗಲೇ ತಕರಾರು ತೆಗೆದಾಗಿತ್ತು.

"ಓದಿ ಸಹಿ ಹಾಕೋದು ನೀವೇ ಅಲ್ವಾ? ಒಂದಕ್ಷರ ಹೆಚ್ಚಿದ್ರೆ ಹರಿದು ಹಾಕಿ."

ಅಕ್ಕ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು. "ಪಿಸು, ಮುಖ ಸ್ವಲ್ಪ ಸರಿ ಮಾಡ್ಕೊಳೆ. ಸಿಕ್ಕಿಹಾಕ್ಕೊಂಡಿರೋದು ನಾನು, ನೀನಲ್ಲ."

ಪಿಸು ನಾನು. ಸಣ್ಣವಳಿದ್ದಾಗ ಮನೆಗೆ ಯಾರಾದರೂ ಬಂದರೆ ಹೇಳಬೇಕಾದ್ದನ್ನೆಲ್ಲ ಅಕ್ಕನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ. ಅವಳು ನನ್ನ ಪರವಾಗಿ ಜೋರಾಗಿ ಹೇಳುತ್ತಿದ್ದಳು. ಆ ಹೆಸರು ಅಂದಿನಿಂದ ಅಂಟಿಕೊಂಡಿದೆ.

ದುರ್ಬೀನು ಅವಳ ಕಡೆ ತಿರುಗಿದರು. "ಏನಮ್ಮಾ, ಕೇಬಲ್ ಬಿಚ್ಚುವಾಗ ಏನೇನು ಮಾಡ್ತೀರಿ? ನನಗೆ ಕರೆಂಟ್ ಅಂದ್ರೆ ಬಲ್ಬ್ ಹಾಕೋದಷ್ಟೇ ಗೊತ್ತು ಅಂದ್ಕೊಂಡು ಹೇಳಿ."

"ಹಡಗಿನವರು ಫೋನ್ ಮಾಡ್ತಾರೆ ಸರ್. ನಾನು ದಡದಲ್ಲಿ ನಮ್ಮ ಕ್ಯಾಬಿನ್ನಿನ ದೊಡ್ಡ ಸ್ವಿಚ್ಚು ಇಳಿಸ್ತೀನಿ. ಇಳಿಸಿದ್ರೆ ಮಾತ್ರ ಒಂದು ಕೀಲಿ ಹೊರಗೆ ಬರತ್ತೆ. ಹಡಗಿನ ಮೇಲೆ ಕೇಬಲ್ಲಿನ ಪ್ಲಗ್ ಬಿಚ್ಚೋಕೆ ಅದೇ ಕೀಲಿ ಬೇಕು. ಎರಡನೇ ಕೀಲಿ ಇಲ್ಲ. ಹಾಗಾಗಿ ಇಲ್ಲಿ ಕರೆಂಟ್ ಇರುವಾಗ ಅಲ್ಲಿ ಯಾರೂ ಪ್ಲಗ್ ಮುಟ್ಟೋಕಾಗಲ್ಲ."

"ಕೀಲಿ ಯಾರ ಕೈಗೆ ಕೊಟ್ರಿ?"

"ಅವರ ಎಲೆಕ್ಟ್ರಿಷಿಯನ್ ಕೈಗೇ. ಕೊಡುವಾಗ ನಾವು ಬಾಯಲ್ಲೂ ಹೇಳ್ಬೇಕು, ಅದು ಪದ್ಧತಿ. 'ಕರೆಂಟಿಲ್ಲ, ತೆಗೀರಿ' ಅಂದೆ. ಅವರು ಏನೋ ಗುನುಗ್ತಾ ಹೋದ್ರು. ಯಾವಾಗ್ಲೂ ಗುನುಗ್ತಾ ಇರ್ತಿದ್ರು." ಅಕ್ಕ ಕೈ ನೋಡಿಕೊಂಡಳು. "ಆಮೇಲೆ ಗುನುಗೋದು ನಿಂತಿತು."

"ಕರೆಂಟಿಲ್ಲ ಅಂದ್ರು, ಅವನಿಗೆ ಹೊಡೀತು," ಎಂದರು ಚೀಫ್. "ನನ್ನ ಹಡಗಲ್ಲಿ ಎಂಜಿನ್ ಇಲ್ಲ. ಕರೆಂಟು ಬಂದಿರೋದು ದಡದಿಂದಲೇ. ಇಷ್ಟಕ್ಕೆ ವಿಚಾರಣೆ ಬೇರೆ ಬೇಕಾ?"

ಲೆಕ್ಕ ಸರಿಯಾಗಿಯೇ ಇತ್ತು. ಅಕ್ಕ ಸಿಕ್ಕಿಬಿದ್ದದ್ದು ಆ ಲೆಕ್ಕದಲ್ಲೇ.

ಬಂದರಿಗೆ ಬಂದು ನಿಂತ ಹಡಗು ನಿಜವಾಗಿ ನಿಂತಿರುವುದಿಲ್ಲ. ದೀಪ, ಪಂಪು, ಅಡುಗೆಮನೆ, ಸರಕಿನ ತಂಪು ಪೆಟ್ಟಿಗೆ, ಎಲ್ಲಕ್ಕೂ ಕರೆಂಟು ಬೇಕು; ಅದಕ್ಕಾಗಿ ಅದರ ಹೊಟ್ಟೆಯಲ್ಲಿ ಎಂಜಿನ್ನುಗಳು ಹಗಲೂ ರಾತ್ರಿ ಎಣ್ಣೆ ಸುಡುತ್ತಿರುತ್ತವೆ. ಆ ಹೊಗೆಯನ್ನು ನಮ್ಮ ಬೀದಿಯವರು ಹುಟ್ಟಿದಂದಿನಿಂದ ಉಸಿರಾಡಿದ್ದೇವೆ. ಅಕ್ಕ ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದು ಒಂದು ಕ್ಯಾಬಿನ್ ಹಾಕಿಸಿದಳು. ಗುಡ್ಡದ ಮೇಲಿನ ಗಾಳಿಯಂತ್ರಗಳ ಕರೆಂಟು ಅಲ್ಲಿಗೆ ಬರುತ್ತದೆ. ಹಡಗು ಆ ಕೇಬಲ್ ಸಿಕ್ಕಿಸಿಕೊಂಡು ತನ್ನ ಎಂಜಿನ್ ಆರಿಸಬೇಕು. ಸಣ್ಣಪುಟ್ಟ ಹಡಗುಗಳು ಒಪ್ಪಿದ್ದವು. ದೊಡ್ಡವರಲ್ಲಿ ಒಪ್ಪಿದ್ದು ಬಿಳಿ ಹಡಗೇ ಮೊದಲು, ಹಣ್ಣು ತುಂಬಿಕೊಂಡು ಬಂದದ್ದು.

"ಇದೊಂದು ಸರಿಯಾಗಿ ನಡೆದ್ರೆ ಉಳಿದವು ಕುರಿಮಂದೆ ಥರ ಹಿಂದೆ ಬರ್ತವೆ," ಎನ್ನುತ್ತಿದ್ದಳು ಅಕ್ಕ, ಊಟದ ತಟ್ಟೆಯ ಮುಂದೆ. "ಇದು ಕೈ ಕೊಟ್ರೆ ಕ್ಯಾಬಿನ್ನಿಗೆ ಬೀಗ."

ಬಂದರಿನ ಹೆಬ್ಬಾಗಿಲಲ್ಲಿ ಒಂದು ದೀಪದ ಫಲಕ ತೂಗುಹಾಕಿದ್ದಾರೆ, ಇಂದು ತಪ್ಪಿಸಿದ ಇಂಗಾಲ ಅಂತ. ಎಷ್ಟು ಹೊತ್ತು ಯಾವ ಹಡಗಿಗೆ ಕೇಬಲ್ ಸಿಕ್ಕಿಸಿತ್ತು ಎನ್ನುವುದರ ಮೇಲೆ ಅದರ ಅಂಕಿ ಏರುತ್ತದೆ. ಬಿಳಿ ಹಡಗು ಇದ್ದ ವಾರ ಅದು ಏರಿದ್ದೇ ಏರಿದ್ದು. ನಾನು ಮಾತ್ರ ಪ್ರತಿದಿನ ಅದರ ಕೆಳಗೆ ಒಂದು ಗಳಿಗೆ ನಿಲ್ಲುತ್ತಿದ್ದೆ. ಇಂಗಾಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇರುವಾಗಲೇ ಕಾಣದ್ದು, ಇಲ್ಲವಾದದ್ದು ಹೇಗೆ ಕಾಣಬೇಕು? ಆಗದೇ ಉಳಿದದ್ದಕ್ಕೆ ಸಾಕ್ಷಿ ಹೇಳುವವರು ಯಾರು? ಯಾರೋ ಒಬ್ಬರು 'ಆರಿಸಿದ್ದೇನೆ' ಅನ್ನಬೇಕು, ಉಳಿದವರು ನಂಬಬೇಕು.

ದುರ್ಬೀನು ನನ್ನ ಕಪಾಟಿನ ಕಡೆ ಕೈ ಚಾಚಿದರು. "ಆ ವಾರದ ಯಾವುದಾದ್ರೂ ಒಂದು ಕಾಗದ ಕೊಡು ಮಗು."

ಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದರು. ನಡುವೆ ಬೂದು ಬಣ್ಣದ ದುಂಡನೆಯ ಕಲೆ.

"ಎಂಜಿನ್ ಆರಿದ್ರೆ ಇದ್ಯಾಕೆ ಇಷ್ಟು ಮಾಸಿದೆ?"

ಚೀಫ್ ನಕ್ಕರು. ಕೆಟ್ಟ ನಗುವಲ್ಲ, ಸುಸ್ತಾದವರ ನಗು. "ಕೆಳಗೆ ಲಾರಿಗಳಿಲ್ವಾ? ಹಡಗು ಎಳೆಯೋ ದೋಣಿಗಳಿಲ್ವಾ? ಆ ಕಾಗದಕ್ಕೆ ಬಾಯಿದ್ರೆ ಯಾರ ಹೊಗೆ ಅಂತ ಕೇಳಿ."

ಅದೂ ನಿಜವೇ. ಕಾಗದ ಕಪ್ಪಾಗುತ್ತದೆ, ಹೆಸರು ಹೇಳುವುದಿಲ್ಲ. ದುರ್ಬೀನು ಕಾಗದ ಕೆಳಗಿಟ್ಟರು. ಅವರ ಬತ್ತಳಿಕೆ ಖಾಲಿಯಾದದ್ದು ನನಗೆ ಗೊತ್ತಾಯಿತು. ಅಕ್ಕನಿಗೂ ಗೊತ್ತಾಯಿತು; ಸ್ಟೂಲಿನ ಅಂಚನ್ನು ಹಿಡಿದುಕೊಂಡಳು.

ನಾನು ಕಿಟಕಿಯ ಹೊರಗೆ ನೋಡಿದೆ. ದಿಕ್ಕು ತೋಚದಿದ್ದಾಗ ನಾನು ಮಾಡುವುದು ಅಷ್ಟೇ.

ಕೆಳಗೆ, ಹಡಗುಗಳು ತಂಗುವ ಧಕ್ಕೆಯ ಮೇಲೆ ಅಕ್ಕನ ಕ್ಯಾಬಿನ್ ಕಾಣುತ್ತಿತ್ತು, ಹಸಿರು ತಗಡಿನ ಕೋಣೆ. ಪಕ್ಕದಲ್ಲಿ ಈಗೊಂದು ಸಿಮೆಂಟಿನ ಹಡಗು ನಿಂತು ಕೇಬಲ್ ಸಿಕ್ಕಿಸಿಕೊಂಡಿತ್ತು. ಕ್ಯಾಬಿನ್ನಿನ ಗೋಡೆಯಲ್ಲಿ ಬಿಸಿಗಾಳಿ ಹೊರಬಿಡುವ ಜಾಲರಿಯ ಕಿಂಡಿ. ಅದರ ಮುಂದೆ ಧಕ್ಕೆಯ ಬೆಕ್ಕುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು: ಕರಿಯದು, ಕಿವಿ ಹರಿದದ್ದು, ಮೈತುಂಬ ಮಚ್ಚೆಯ ಬಸುರಿ. ಈ ಚಳಿಗಾಲದುದ್ದಕ್ಕೂ ಅವುಗಳ ಠಿಕಾಣಿ ಅಲ್ಲೇ.

ಅಲ್ಲ, ಉದ್ದಕ್ಕೂ ಅಲ್ಲ.

ಬಿಳಿ ಹಡಗು ಇದ್ದ ವಾರ ಅವು ಅಲ್ಲಿರಲಿಲ್ಲ. ಕಿಂಡಿಯ ಮುಂದಿನ ಜಾಗ ಬಣಬಣ ಎನ್ನುತ್ತಿತ್ತು. ಬಸುರಿ ಎಲ್ಲಿ ಈದಿದೆಯೋ ಅಂತ ನಾನು ಊಟದ ಹೊತ್ತಿನಲ್ಲಿ ಈ ಕಿಟಕಿಯಿಂದಲೇ ಕಣ್ಣು ಹಾಯಿಸಿ ಹುಡುಕಿದ್ದೆ ಕೂಡ.

ಹೇಳಬೇಕು ಅನ್ನಿಸಿತು. ಹೇಳಿಕೆ ಬರೆಯುತ್ತಿದ್ದ ಹಾಳೆಯ ಮೂಲೆ ಹರಿದು, 'ಬೆಕ್ಕುಗಳನ್ನು ವಿಚಾರಿಸಿ' ಎಂದು ಗೀಚಿ, ಕೆಳಗೆ ಕಾರಣ ಬರೆದು, ಮೇಜಿನ ಮೇಲೆ ಸರಿಸಿದೆ.

ದುರ್ಬೀನು ಓದಿದರು. ಮತ್ತೆ ಓದಿದರು. ಎದ್ದು ಕೋಟು ಹಾಕಿಕೊಂಡರು.

"ನಡೀರಿ ಚೀಫ್. ಸ್ವಲ್ಪ ಗಾಳಿ ತಗೊಳ್ಳೋಣ."

ಧಕ್ಕೆಯ ಮೇಲೆ ಕೊರೆಯುವ ಗಾಳಿ. ಅಕ್ಕ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ನಾನು ಹೇಳಿಕೆಯ ಹಾಳೆ ಸಿಕ್ಕಿಸಿದ ರಟ್ಟಿನ ಹಲಗೆಯನ್ನು ಎದೆಗೆ ಅವಚಿಕೊಂಡು ನಡೆದೆ.

ದುರ್ಬೀನು ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗೈ ಒಡ್ಡಿದರು. "ಆಹಾ. ನಮ್ಮ ಮನೆ ಹೀಟರ್ ಇಷ್ಟು ಬಿಸಿ ಕೊಡಲ್ಲ. ಚೀಫ್, ನೀವೂ ಕೈ ಇಡಿ."

ಚೀಫ್ ಇಟ್ಟರು.

"ಇದು ಯಾಕೆ ಬಿಸಿ?"

"ಒಳಗೆ ಟ್ರಾನ್ಸ್‌ಫಾರ್ಮರ್ ಇದೆ. ಆ ಸಿಮೆಂಟ್ ಹಡಗು ಕರೆಂಟ್ ಎಳೀತಿದೆ, ಬಿಸಿಯಾಗತ್ತೆ."

"ಎಳೀದೇ ಇದ್ರೆ?"

ಚೀಫ್ ಕಿಂಡಿಯಿಂದ ಕೈ ಹಿಂದೆಗೆದುಕೊಂಡರು.

"ಆ ಸಿಮೆಂಟ್ ಹಡಗಲ್ಲಿ ಇರೋದು ನಾಲ್ಕು ದೀಪ, ಒಂದು ಒಲೆ. ನಿಮ್ಮದರಲ್ಲಿ ರಾಶಿ ರಾಶಿ ತಂಪು ಪೆಟ್ಟಿಗೆ. ಅವಕ್ಕೆಲ್ಲ ದಡದ ಕರೆಂಟೇ ಹೋಗ್ತಿದ್ರೆ ಈ ಕಿಂಡಿ ಮುಂದೆ ರೊಟ್ಟಿ ಸುಡಬಹುದಿತ್ತು. ಆದ್ರೆ ಆ ವಾರ ಒಂದು ಬೆಕ್ಕೂ ಇಲ್ಲಿ ಮಲಗಿಲ್ಲ. ಚಳಿ ಇವತ್ತಿಗಿಂತ ಜಾಸ್ತಿನೇ ಇತ್ತು."

"ಬೆಕ್ಕಿನ ಸಾಕ್ಷಿ ಯಾವ ಕೋರ್ಟಲ್ಲಿ ನಡೆಯತ್ತೆ?"

"ಎಲ್ಲೂ ನಡೆಯಲ್ಲ. ಅದಕ್ಕೇ ನಿಮ್ಮ ಬಾಯಿಂದ ಕೇಳ್ತಿದೀನಿ."

ಕರಿಯ ಬೆಕ್ಕು ಎದ್ದು ಮೈ ಮುರಿದು ಚೀಫ್ ಅವರ ಬೂಟಿಗೆ ಬೆನ್ನು ಉಜ್ಜಿತು. ಅವರು ಅದನ್ನು ಒದೆಯಲಿಲ್ಲ, ಸರಿಸಲೂ ಇಲ್ಲ. ತನಿಖೆಗೆಂದು ತಡೆದು ದೂರದಲ್ಲಿ ಕಟ್ಟಿಹಾಕಿದ್ದ ತಮ್ಮ ಹಡಗಿನ ಕಡೆ ನೋಡಿದರು.

"ನೀವು ಯಾವಾಗ್ಲಾದ್ರೂ ಎಂಜಿನ್ ನಿಂತ ಹಡಗಲ್ಲಿ ಮಲಗಿದೀರಾ?" ಎಂದರು ಕೊನೆಗೆ.

"ಇಲ್ಲ."

"ಸದ್ದಿರಲ್ಲ. ಏನೂ ಇರಲ್ಲ. ನಾನು ಈ ಕೆಲಸಕ್ಕೆ ಸೇರಿದಾಗಿಂದ ಕಾಲ ಕೆಳಗೆ ನಡುಕ ಇಲ್ದೇ ನಿದ್ದೆ ಮಾಡಿದವನಲ್ಲ. ಬೇರೆ ಒಂದು ಬಂದರಲ್ಲಿ ಹೀಗೇ ಎಲ್ಲ ಆರಿಸಿ ದಡದ ಕರೆಂಟ್ ತಗೊಂಡೆ. ನಡುವೆ ಹೋಯ್ತು. ಕತ್ತಲು. ಆರಿಸಿದ ಎಂಜಿನ್ನು ಮತ್ತೆ ಹೊತ್ತಿಸೋಕೆ ಹೊತ್ತಾಯ್ತು, ಸರಕೆಲ್ಲ ಕೊಳೀತು. ಆ ವಾಸನೆ ಈಗ್ಲೂ ಮೂಗಲ್ಲಿದೆ." ಅವರು ಮೂಗು ಉಜ್ಜಿಕೊಂಡರು. "ಈ ಸಲ ಕೇಬಲ್ ಹಾಕಿಸಿದೆ. ಮಾಲೀಕರು ಹೇಳಿದ್ರು, ಹಾಕಿಸಿದೆ. ಆದ್ರೆ ಒಂದು ಎಂಜಿನ್ ಓಡೋಕೆ ಬಿಟ್ಟೆ. ಎಲ್ಲ ಭಾರ ಅದರ ಮೇಲೇ. ಹೊಗೆ ತೆಳ್ಳಗೆ ಬರೋ ಹಾಗೆ ನೋಡ್ಕೊಂಡೆ."

"ನಿಮ್ಮ ಎಲೆಕ್ಟ್ರಿಷಿಯನ್‌ಗೆ ಗೊತ್ತಿತ್ತಾ?"

"ಕೇಬಲ್ ಬಿಚ್ಚೋ ಮುಂಚೆ ಆರಿಸಿಬಿಡ್ತೀನಿ ಅಂದಿದ್ದೆ ಅವನಿಗೆ. ಆರಿಸಲಿಲ್ಲ. ಆರಿಸಿದ್ದೀನಿ ಅಂದ್ಕೊಂಡೇ ಅವನು ಹೋಗಿರೋದು." ಅವರ ದನಿ ಇಳಿಯಿತು. "ಎಂಜಿನ್ ಕರೆಂಟ್ ಕೇಬಲ್ ಕಡೆ ಹೋಗದ ಹಾಗೆ ತಡೆಯೋ ನಮ್ಮ ಸ್ವಿಚ್ಚು ಅಂಟಿಕೊಂಡಿತ್ತು, ಪೂರ್ತಿ ಆಫ್ ಆಗಿರಲಿಲ್ಲ. ಎಂಜಿನ್ ಆರಿದ್ದಿದ್ರೆ ಅದರಿಂದ ಏನೂ ಆಗ್ತಿರಲಿಲ್ಲ."

ದುರ್ಬೀನು ನಿಧಾನಕ್ಕೆ ಬಿಡಿಸಿ ಹೇಳಿದರು, ನನಗೆ ಬರೆದುಕೊಳ್ಳಲು ಅನುಕೂಲವಾಗಲೆಂದು. "ಅಂದ್ರೆ ದಡದವರು ಕರೆಂಟ್ ನಿಲ್ಲಿಸಿ ಕೀಲಿ ಕೊಟ್ಟದ್ದು ನಿಜ. ಆತನಿಗೆ ಹೊಡೆದ ಕರೆಂಟು ಹಡಗಿನ ಒಳಗಿಂದ, ಹಿಂದಿನಿಂದ ಬಂತು."

"ಹೌದು."

"ಇಷ್ಟು ದಿನ ಈ ಹೆಣ್ಣುಮಗಳ ತಲೆ ಮೇಲೆ ಹಾಕಿದ್ರಲ್ಲ."

"ಹಾಕಿದೆ," ಎಂದರು ಚೀಫ್, ಅಕ್ಕನ ಕಡೆ ನೋಡದೆ.

ನಾನು ಅಕ್ಕನನ್ನು ನೋಡಿದೆ. ಅವಳ ಭುಜಗಳು ಎಷ್ಟೋ ದಿನಗಳ ಮೇಲೆ ಕೆಳಗಿಳಿದವು. ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿ ಎರಡು ಹೆಜ್ಜೆ ಇಟ್ಟೆ. ಆ ಎರಡು ಹೆಜ್ಜೆ ಇಡದಿದ್ದರೆ ಕ್ಯಾಬಿನ್ನಿನ ಹಿಂಬದಿ ನನಗೆ ಕಾಣುತ್ತಲೇ ಇರಲಿಲ್ಲ. ನನ್ನ ಕಿಟಕಿಯಿಂದ ಅದು ಕಾಣುವುದಿಲ್ಲ.

ಅಲ್ಲಿ ಗಾಳಿಗೆ ಮರೆಯಾಗಿ ಒಂದು ಮರದ ಹಣ್ಣಿನ ಪೆಟ್ಟಿಗೆ. ಒಳಗೆ ಮಡಿಚಿ ಹಾಸಿದ ಅಕ್ಕನ ನೀಲಿ ಸ್ವೆಟರು. ಅಮ್ಮ ಹೆಣೆದದ್ದು, ಮೊಣಕೈಯಲ್ಲಿ ಬೇರೆ ಬಣ್ಣದ ನೂಲಿನ ತೇಪೆ. ಅದರ ತುಂಬ ಬೆಕ್ಕಿನ ಕೂದಲು ಅಂಟಿತ್ತು, ಕರಿದು, ಬಿಳಿದು, ಕಂದು. ಈಗ ಪೆಟ್ಟಿಗೆ ಖಾಲಿ. ಬೆಕ್ಕುಗಳೆಲ್ಲ ಕಿಂಡಿಗೆ ವಾಪಸಾಗಿದ್ದವು.

ಅಕ್ಕ ನನ್ನ ನೋಟ ಹೋದ ಕಡೆ ನೋಡಿದಳು. ಬಂದು ಪೆಟ್ಟಿಗೆಗೂ ನನಗೂ ನಡುವೆ ನಿಂತಳು.

"ಚಳಿಗೆ ಸಾಯ್ತವೆ ಪಾಪ ಅಂತ ಹಾಕಿದ್ದೆ," ಎಂದಳು, ನಾನು ಏನೂ ಕೇಳದಿದ್ದರೂ.

ಅವಳು ಹೇಳಿದ್ದು ಸುಳ್ಳಲ್ಲ. ಬೆಕ್ಕುಗಳಿಗೆ ಚಳಿಯಾಗಿತ್ತು. ಚಳಿಯಾದದ್ದು ಕಿಂಡಿ ತಣ್ಣಗಿದ್ದದ್ದಕ್ಕೆ. ಆ ಗೋಡೆಗೆ ಬೆನ್ನು ಕೊಟ್ಟು ಇಡೀ ದಿನ ಕೂರುವವಳು ಅಕ್ಕ. ಕಿಂಡಿ ತಣ್ಣಗಿದೆ ಎಂದರೆ ಏನರ್ಥ ಎನ್ನುವುದು ಈ ಧಕ್ಕೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಬಿಳಿ ಹಡಗು ಕರೆಂಟು ಎಳೆಯುತ್ತಿಲ್ಲ. ಎಳೆಯದೆ ಅಷ್ಟೊಂದು ತಂಪು ಪೆಟ್ಟಿಗೆ ನಡೆಯುತ್ತಿವೆ ಎಂದರೆ ಒಳಗೆ ಎಂಜಿನ್ ಓಡುತ್ತಿದೆ.

ಹೆಬ್ಬಾಗಿಲ ಫಲಕದಲ್ಲಿ ಅಂಕಿ ಏರುತ್ತಿದ್ದಾಗ, ಊಟದ ತಟ್ಟೆಯ ಮುಂದೆ ಅವಳು ಆ ಅಂಕಿಯನ್ನು ಅಮ್ಮನಿಗೆ ಹೇಳುತ್ತಿದ್ದಾಗ, ಇದು ಅವಳಿಗೆ ತಿಳಿದಿತ್ತು. ಗುನುಗುತ್ತಾ ಬಂದ ಆ ಮನುಷ್ಯನ ಅಂಗೈಗೆ ಕೀಲಿ ಇಡುವಾಗಲೂ.

"ಮನೇಲಿ ಮಾತಾಡೋಣ," ಎಂದಳು ಅಕ್ಕ, ತುಟಿ ಅಲುಗದ ಹಾಗೆ. ಈಗ ಪಿಸುಗುಟ್ಟುತ್ತಿದ್ದದ್ದು ಅವಳು. "ಕ್ಯಾಬಿನ್ ಮುಚ್ಚಿಬಿಡ್ತಾರೆ ಕಣೆ. ಮತ್ತೆ ಎಲ್ಲ ಹಡಗೂ ಹೊಗೆ ಉಗುಳ್ತಾ ನಿಲ್ತವೆ. ಯೋಚನೆ ಮಾಡು."

ಯೋಚನೆ ಮಾಡಿದೆ. ನಮ್ಮ ಬೀದಿಯ ಗೋಡೆಗಳನ್ನು, ಒಣಹಾಕಿದ ಬಟ್ಟೆಯ ಮೇಲೆ ಕೂರುವ ಮಸಿಯನ್ನು ಯೋಚಿಸಿದೆ. ಅವಳು ಅಲೆದ ಕಚೇರಿಗಳನ್ನು ಯೋಚಿಸಿದೆ. ಕೆಲವಕ್ಕೆ ನಾನೂ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಅವಳು ಬಯಸಿದ್ದರಲ್ಲಿ ಕೆಟ್ಟದ್ದು ಒಂದೂ ಇರಲಿಲ್ಲ. ಆರದ ಎಂಜಿನ್ನನ್ನು ಆರಿದೆ ಎಂದು ಬರೆದುಕೊಂಡರೆ ಆಕಾಶಕ್ಕೆ ಹೋಗುವ ಹೊಗೆ ಒಂದು ಎಳೆಯೂ ಕಡಿಮೆಯಾಗುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ.

ದುರ್ಬೀನು ಕೋಟಿನ ಧೂಳು ಕೊಡವಿಕೊಂಡು ಹತ್ತಿರ ಬಂದರು. ಮುಖ ಹಗುರಾಗಿತ್ತು. "ಕೊನೇ ಸಾಲು ಬರ್ಕೊ ಮಗು, ಆಮೇಲೆ ಎಲ್ಲರೂ ಬಿಸಿ ಬಿಸಿ ಟೀ ಕುಡಿಯೋಣ. ಹಡಗಿನಲ್ಲಿ ಎಂಜಿನ್ ಓಡುತ್ತಿದ್ದ ವಿಷಯ ದಡದ ಸಿಬ್ಬಂದಿಗೆ ತಿಳಿದಿರಲಿಲ್ಲ."

ಹಲಗೆಯ ಮೇಲೆ ಹಾಳೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. 'ಹಡಗಿನಲ್ಲಿ' ಎಂದು ಬರೆದೆ. ಪೆನ್ನು ಅಲ್ಲಿಗೆ ನಿಂತಿತು.

"ಏನಾಯ್ತು? ಇಂಕು ಮುಗೀತಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ನೆಂಟರ ಎದುರು ನಾನು ತಡವರಿಸಿದಾಗ ನೋಡುತ್ತಿದ್ದ ಹಾಗೆ, ನನ್ನ ಬದಲು ತಾನೇ ಮಾತಾಡಲು ಬಾಯಿ ತೆರೆಯುವ ಹಾಗೆ. ಈ ಸಲ ಅವಳ ಬಾಯಿ ತೆರೆಯಲಿಲ್ಲ.

"ಇಲ್ಲ ಸರ್," ಎಂದೆ. ಚೀಫ್ ಕೂಡ ತಿರುಗಿ ನೋಡಿದರು. "ಅಕ್ಕನಿಗೆ ಗೊತ್ತಿತ್ತು."